ಶೇಂಗಾ ಬಿಟ್ಟ ಮನೆ

ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ. ಈ ಒಂದು ಮಾತನ್ನು ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಹೋಟೆಲಿನಲ್ಲಿ ಹೇಳಿದ್ದೇನೆ, ಶಾಲೆಯಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಅಡುಗೆಯವರ ಹಿಂದೆ ಓಡಾಡಿ ಹೇಳಿದ್ದೇನೆ. ಹೇಳಿದ ಕಡೆಯಲ್ಲೆಲ್ಲ ಏನಾದರೊಂದು ನಡೆದೇ ನಡೆಯುತ್ತಿತ್ತು. ಆಗ ಎದೆ ಹಿಡಿದುಕೊಂಡು ನಿಂತಿದ್ದ ಸಂಗತಿಗಳಿಗೆ ಈಗ ಮನೆಮಂದಿಯೆಲ್ಲ ನಗುತ್ತೇವೆ. ಮಗಳು ಎದುರಿಗೆ ಕೂತಿರುತ್ತಾಳೆ ಅನ್ನುವ ಧೈರ್ಯಕ್ಕೆ ನಗುತ್ತೇವೆ.

೧. ಖಾಲಿ ಹೊಟ್ಟೆ

ತೊಂಬತ್ತರ ದಶಕದ ನಡುವಿನ ಮಾತು. ಕಮ್ಮನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ದಾವಣಗೆರೆಯವಳು, ನನ್ನ ಗಂಡ ಧಾರವಾಡ ಕಡೆಯವರು. ಮಗಳಿಗೆ ಎರಡು ವರ್ಷ ತುಂಬಿತ್ತು. ಮೊಮ್ಮಗಳ ಜೊತೆ ಇರಬೇಕು ಅಂತ ಅತ್ತೆ ಬೆಳಗಿನ ರೈಲಿಗೆ ಬಂದಿಳಿದರು. ಚೀಲ ಬಿಚ್ಚಿದರೆ ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಶೇಂಗಾ ಉಂಡಿ. ಬೆಂಗಳೂರಿನವರು ಕಡ್ಲೆಕಾಯಿ ಬೀಜ ಅನ್ನುವುದನ್ನೇ ನಮ್ಮ ಕಡೆ ಶೇಂಗಾ ಅನ್ನುವುದು.

ಗಂಟಲಿಗೆ ಸಿಕ್ಕೀತು ಅಂತ ನಾನು ಅಲ್ಲಿಯವರೆಗೆ ಮಗುವಿಗೆ ಅದನ್ನು ಕೊಟ್ಟಿರಲಿಲ್ಲ. ಅತ್ತೆಗೂ ಅದು ಗೊತ್ತು. ಹಾಗಾಗಿ ಉಂಡಿಯನ್ನು ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ ಒಂದು ಚಿಟಿಕೆ ಬಾಯಿಗಿಟ್ಟರು. ಮಗು ಚಪ್ಪರಿಸಿತು. ಇನ್ನೊಂದು ಚಿಟಿಕೆ ಇಟ್ಟರು.

ನಾನು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಮಗು ತುಟಿ ಕೆರೆದುಕೊಳ್ಳುತ್ತಿತ್ತು. ನೋಡನೋಡುತ್ತಿದ್ದಂತೆ ತುಟಿ ಊದಿತು. ಹೊಟ್ಟೆ, ಬೆನ್ನು, ಕತ್ತಿನ ಮೇಲೆಲ್ಲ ಕೆಂಪು ದದ್ದು ಎದ್ದವು. ವಾಂತಿ ಮಾಡಿಕೊಂಡಿತು. ಆಮೇಲೆ ಉಸಿರು ಸಿಳ್ಳೆ ಹಾಕಿದ ಹಾಗೆ ಕೇಳತೊಡಗಿತು. ನಾನು ಎತ್ತಿಕೊಂಡು ರಸ್ತೆಗೆ ಓಡಿದೆ, ಅತ್ತೆ ಬರಿಗಾಲಲ್ಲಿ ಹಿಂದೆ ಓಡಿ ಬಂದರು. ಸಿಕ್ಕ ಆಟೋದವನು ಮಗುವಿನ ಮುಖ ನೋಡಿದವನೇ "ಬೈಠೋ ಮಾ" ಅಂದ. ಎಲ್ಲಿಗೆ ಅಂತಲೂ ಕೇಳದೆ ರಿಚರ್ಡ್ಸ್ ಟೌನಿನ ಒಂದು ನರ್ಸಿಂಗ್ ಹೋಮಿನ ಬಾಗಿಲಿಗೇ ತಂದು ನಿಲ್ಲಿಸಿದ.

ಅಲ್ಲಿದ್ದ ಡಾಕ್ಟರಮ್ಮ ವಯಸ್ಸಾದವರು. ಮೊದಲು ಒಂದು ಮಾತೂ ಕೇಳಲಿಲ್ಲ. ಮಗುವಿನ ತೊಡೆಗೆ ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಕ್ಸಿಜನ್ ಹಿಡಿದು, ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಉಸಿರು ಮೆಲ್ಲಮೆಲ್ಲಗೆ ತಿಳಿಯಾಯಿತು. ಆಮೇಲೆ ನಮ್ಮ ಕಡೆ ತಿರುಗಿದರು.

"ಏನು ತಿಂದಳು?"

ಅತ್ತೆ ಕಣ್ಣೊರೆಸಿಕೊಂಡು ಹೇಳಿದರು: "ಏನೂ ತಿಂದಿಲ್ರಿ. ಮುಂಜಾನಿಂದ ಖಾಲಿ ಹೊಟ್ಟಿ ಐತಿ ಕೂಸು."

"ಹಾಲು, ಮೊಟ್ಟೆ, ಬಿಸ್ಕತ್ತು, ಏನೂ ಕೊಡ್ಲಿಲ್ವಾ?"

"ಇಲ್ರಿ. ಬರೇ ಶೇಂಗಾ ಅಷ್ಟ."

ಡಾಕ್ಟರಮ್ಮ ನನ್ನ ಮುಖ ನೋಡಿದರು. "ಕಡ್ಲೆಕಾಯಿ ಬೀಜ" ಅಂದೆ. ಅವರು ಪೆನ್ನು ಕೆಳಗಿಟ್ಟು, "ಅಮ್ಮಾ, ಅದನ್ನ ತಿಂದಿದ್ದಾಳಲ್ಲ ಮತ್ತೆ?" ಅಂದರು.

ಅತ್ತೆಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದಕ್ಕ ತಿನ್ನೂದು ಅಂತಾರೇನ್ರಿ? ಅದು ಮನ್ಯಾಗ ಇರೂದು."

೨. ಬಾಯಿ ತಗಿ

ಡಾಕ್ಟರಮ್ಮ ಅವತ್ತು ಮಗುವನ್ನು ಸಂಜೆಯವರೆಗೆ ಬಿಡಲಿಲ್ಲ. ಕಡಿಮೆಯಾದದ್ದು ಇನ್ನೊಮ್ಮೆ ತಿರುಗಿ ಬರುವುದುಂಟು ಅಂದರು. ಕೂರಿಸಿಕೊಂಡು ಬಿಡಿಸಿ ಹೇಳಿದರು. ನಮಗೆಲ್ಲ ಊಟವಾದದ್ದನ್ನು ಈ ಮಗುವಿನ ಮೈ ಶತ್ರು ಅಂತ ತಿಳಿದುಕೊಂಡು ಬಡಿದಾಡುತ್ತದೆ. ಸ್ವಲ್ಪ ಸ್ವಲ್ಪ ಕೊಟ್ಟು ನೀವೇ ರೂಢಿ ಮಾಡಿಸಲು ಹೋಗಬೇಡಿ. ಒಂದು ಚೂರು ಸಾಕು, ಅದೇ ಸೌಟು ಸಾಕು, ತಿಂದವರು ಮುತ್ತು ಕೊಟ್ಟರೂ ಸಾಕು.

ಅತ್ತೆ ಮನೆಗೆ ಬಂದವರೇ ಚೀಲ ಪೂರ್ತಿ ಬೀದಿಯವರಿಗೆ ಹಂಚಿದರು. ಒರಳು, ಡಬ್ಬಿ, ಸೌಟು ಎಲ್ಲ ಬಿಸಿನೀರಲ್ಲಿ ತೊಳೆದರು. ಊರಿಂದ ಫೋನ್ ಮಾಡಿದ ನಾದಿನಿಯೊಬ್ಬರು, "ಒಂದೀಟು ನೆಕ್ಕಿಸ್ಕೋತ ಹೋಗವಾ, ತಾನ ರೂಢಿ ಆಗ್ತೈತಿ" ಅಂದರಂತೆ. ಅತ್ತೆ ಒಂದೇ ಮಾತು ಹೇಳಿ ಫೋನ್ ಇಟ್ಟರು: "ಆ ಕೂಸಿನ ಮಾರಿ ನೀ ನೋಡಿಲ್ಲ. ನಾ ನೋಡೀನಿ."

ಅವರು ಊರಿಗೆ ವಾಪಸ್ ಹೋಗಲಿಲ್ಲ. ನಾನು, ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗುವನ್ನು ಬೇರೆಯವರ ಕೈಗೆ ಬಿಡುವುದಿಲ್ಲ ಅಂತ ಇಲ್ಲೇ ಉಳಿದುಬಿಟ್ಟರು.

ಕಷ್ಟವಾದದ್ದು ನನ್ನ ಗಂಡನಿಗೆ. ಹುಟ್ಟಿದಾಗಿನಿಂದ ಶೇಂಗಾ ತಿಂದು ಬೆಳೆದ ದೇಹ. ಮನೆಯಲ್ಲಿ ಸಿಗದೇ ಹೋದಾಗ ಸಂಜೆ ಬಸ್ಸಿಳಿದು ಮೇನ್ ರೋಡಿನ ತಳ್ಳುಗಾಡಿಯಲ್ಲಿ ಹುರಿದದ್ದು ಒಂದು ಪೊಟ್ಟಣ ತಿಂದು ಬರುತ್ತಿದ್ದರು. ಅತ್ತೆಗೆ ಸುಳಿವು ಹತ್ತಿತು. ದಿನಾ ಸಂಜೆ ಗೇಟಿನ ಹತ್ತಿರ ಕಾಯುತ್ತಿದ್ದರು.

"ಬಾಯಿ ತಗಿ."

ನಲವತ್ತರ ಹತ್ತಿರದ ಮಗ ಬ್ಯಾಗು ಹಿಡಿದುಕೊಂಡು ಬಾಯಿ ತೆರೆಯಬೇಕು. ಅತ್ತೆ ಮೂಸಿ ನೋಡಿ, ವಾಸನೆ ಬಂದರೆ ಹೊರಗಿನ ನಲ್ಲಿಗೆ ಕಳಿಸುತ್ತಿದ್ದರು. ಕೈಕಾಲು ತೊಳೆದು, ಹಲ್ಲುಜ್ಜಿ, ಅಂಗಿ ಹೊರಗೇ ಬಿಚ್ಚಿ ಒಳಗೆ ಬರಬೇಕು. ಅಪ್ಪಾ ಅಂತ ಓಡಿಬರುವ ಮಗಳನ್ನು ಅಲ್ಲಿಯವರೆಗೆ ನಾನು ಹಿಡಿದುಕೊಂಡಿರಬೇಕು. ಅವರು ಒಮ್ಮೆಯೂ ಎದುರು ಮಾತಾಡಲಿಲ್ಲ.

ಮಹಡಿ ಮನೆಯಾಕೆ ಇದನ್ನೆಲ್ಲ ಮೇಲಿಂದ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರುಕದಿಂದ ಕೇಳಿದಳು: "ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ದಿನಾ ಕುಡೀತಾರಾ?"

"ಅಯ್ಯೋ, ಕುಡಿಯೋದಲ್ಲ ಕಣ್ರೀ. ಅವರು ತಿನ್ನೋದು ಕಡ್ಲೆಕಾಯಿ."

ಅವಳು ನನ್ನ ಕೈ ಹಿಡಿದುಕೊಂಡಳು. "ಗೊತ್ತಕ್ಕ. ನಮ್ಮನೆಯವ್ರೂ ಅದರ ಜೊತೆಗೆ ಅದನ್ನೇ ತಿನ್ನೋದು."

೩. ಪ್ಯೂರ್ ವೆಜ್

ಹಲಸೂರಿನಲ್ಲಿ ದೇವಸ್ಥಾನಕ್ಕೆ ಹೋಗಿ ಬರುವಾಗ ಮಗಳು ದೋಸೆ ಕೇಳಿದಳು. ಹತ್ತಿರದ ಹೋಟೆಲಿಗೆ ಹೋದೆವು. ನಾನು ಕೈ ತೊಳೆಯಲು ಹೋದಾಗ ಅತ್ತೆ ಮಾಣಿಯನ್ನು ವಿಚಾರಿಸಿದ್ದರು.

"ತಮ್ಮಾ, ಚಟ್ನಿಗೆ ಶೇಂಗಾ ಹಾಕೀರೇನು?"

"ಇಲ್ಲಮ್ಮ."

"ಖರೇನ?"

"ನಿಜವಾಗ್ಲೂ ಇಲ್ಲಮ್ಮ. ಅದೆಲ್ಲ ನಾವು ಒಳಗೇ ಬಿಡಲ್ಲ."

ನಾನು ಬಂದು ಕೂರುವ ಹೊತ್ತಿಗೆ ದೋಸೆ ಬಂದಿತ್ತು. ಮಗಳು ಚೂರು ಮುರಿದು ಚಟ್ನಿಯ ಕಡೆ ಕೈ ಚಾಚಿದ್ದಳು. ಚಟ್ನಿಯ ಬಣ್ಣ ನನಗೆ ಸರಿಕಾಣಲಿಲ್ಲ. ಅವಳ ಕೈ ಹಿಡಿದು, ತಟ್ಟೆ ದೂರ ತಳ್ಳಿ, ಬೆರಳು ಒರೆಸಿ, ಮಾಣಿಯನ್ನು ಕರೆದು ಬೆಂಗಳೂರಿನ ಮಾತಲ್ಲಿ ಕೇಳಿದೆ: "ಇದಕ್ಕೆ ಕಡ್ಲೆಕಾಯಿ ಬೀಜ ಹಾಕಿದೀರಾ?"

"ಹೂಂ ಮೇಡಂ. ತೆಂಗಿನಕಾಯಿಗಿಂತ ಅದೇ ಜಾಸ್ತಿ."

ಅತ್ತೆಯ ಮುಖ ಬಿಳಿಚಿಕೊಂಡಿತು. ಧಾರವಾಡದಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರು ಬೆಂಗಳೂರಿನಲ್ಲಿ ಬೇರೆಯಾದದ್ದಕ್ಕೆ ಮಗು ಕೈತಪ್ಪಿಹೋಗುತ್ತಿತ್ತು. ಅವತ್ತಿನಿಂದ ಅತ್ತೆ ಆ ಒಂದು ಪದಾರ್ಥದ ಹೆಸರನ್ನು ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರು. ಆ ಭಾಷೆಗಳಲ್ಲಿ ಬೇರೊಂದು ಪದವೂ ಅವರಿಗೆ ಬರುತ್ತಿರಲಿಲ್ಲ.

ಗಲಾಟೆ ಕೇಳಿ ಅಡುಗೆಯವನು ಹೊರಗೆ ಬಂದ. ನಾನು ಏರಿದ ದನಿಯಲ್ಲೇ ಕೇಳಿದೆ, "ಶೇಂಗಾ ಇಲ್ಲ ಅಂತ ಹ್ಯಾಗ್ರೀ ಹೇಳಿದ್ರಿ?" ಅವನು ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡ.

"ಕಡ್ಲೆಕಾಯಿ ಹಾಕಿದೀನಿ, ಒಪ್ಕೋತೀನಿ ಮೇಡಂ. ಆದ್ರೆ ಶೇಂಗಾ ಮಾತ್ರ ಹಾಕಿಲ್ಲ, ದೇವರಾಣೆ. ನಮ್ಮದು ಪ್ಯೂರ್ ವೆಜ್."

೪. ಮೊಸರನ್ನ

ಇದು ಮಕ್ಕಳ ಕಾಯಿಲೆ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾದದ್ದು ಇಂದಿರಾನಗರದ ನಮ್ಮ ಆಫೀಸಿನಲ್ಲಿ.

ನಮ್ಮ ಹೆಡ್ ಕ್ಲರ್ಕ್ ಐವತ್ತು ದಾಟಿದವರು, ಮೆತ್ತಗಿನ ಮನುಷ್ಯ. ಅವರ ಮನೆಯಲ್ಲಿ ವಾರದಲ್ಲಿ ಕೆಲವು ದಿನ ಈರುಳ್ಳಿಯನ್ನೂ ಮುಟ್ಟುವುದಿಲ್ಲ. ಆಗೀಗ ಊಟದ ಹೊತ್ತಿಗೆ "ಶಿವಾಜಿನಗರದಲ್ಲಿ ಸ್ವಲ್ಪ ಕೆಲಸ ಇದೆ" ಅಂತ ಸ್ಕೂಟರ್ ಹತ್ತಿ ಹೋಗಿ ಬರುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಹೋಗಿ ಬಂದವರ ಕಿವಿ ಕೆಂಪಾಗಿತ್ತು, ರೆಪ್ಪೆ ಊದಿತ್ತು. ಹೊಸ ಸೋಪು ಇರಬೇಕು ಅಂದರು. ಆ ಮಾತು ಹೇಳುವಾಗಲೇ ದನಿ ಒಡೆದು, ಉಸಿರು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯನ್ನು ನಾನು ಒಮ್ಮೆ ಕೇಳಿದ್ದೆ. ಕೈ ಹಿಡಿದು ಎಬ್ಬಿಸಿ ಆಟೋದಲ್ಲಿ ನಮ್ಮ ಡಾಕ್ಟರಮ್ಮನ ಹತ್ತಿರವೇ ಕರೆದುಕೊಂಡು ಹೋದೆ. ಆಫೀಸಿನವರು ಅವರ ಹೆಂಡತಿಗೆ ಫೋನ್ ಮಾಡಿದರು.

ಇಂಜೆಕ್ಷನ್ ಆಯಿತು, ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ಹೆಂಡತಿಯೂ ಬಂದು ತಲೆದೆಸೆಯಲ್ಲಿ ನಿಂತರು.

"ಏನು ತಿಂದ್ರಿ?" ಅಂದರು ಡಾಕ್ಟರಮ್ಮ.

"ಮೊಸರನ್ನ."

"ಜೊತೆಗೆ?"

"ಉಪ್ಪಿನಕಾಯಿ."

"ನೋಡಿ, ಯಾವುದರಿಂದ ಅಂತ ನನಗೆ ಗೊತ್ತಾಗಬೇಕು. ಮುಂದಿನ ಸಲ ಇಲ್ಲಿಗೆ ಬರುವಷ್ಟು ಪುರಸೊತ್ತು ಸಿಗುತ್ತೆ ಅಂತ ಹೇಳೋಕಾಗಲ್ಲ."

ಅವರು ಗೋಡೆ ನೋಡುತ್ತಾ ಮಲಗಿದರು. ಸಾಯುವುದು ಸುಲಭ, ಹೇಳುವುದು ಕಷ್ಟ ಅನ್ನುವ ಹಾಗಿತ್ತು ಮುಖ. ಡಾಕ್ಟರಮ್ಮ ಅರ್ಥ ಮಾಡಿಕೊಂಡು, ಬಿಸಿನೀರು ತರಲು ಹೆಂಡತಿಯನ್ನು ಹೊರಗೆ ಕಳಿಸಿದರು.

"ಸೀಗಡಿ" ಅಂದರು ಹೆಡ್ ಕ್ಲರ್ಕ್, ಪಿಸುದನಿಯಲ್ಲಿ. "ಮೊದಲೂ ತಿಂದಿದೀನಿ ಡಾಕ್ಟ್ರೇ. ಯಾವತ್ತೂ ಏನೂ ಆಗಿರಲಿಲ್ಲ."

"ದೊಡ್ಡವರಾದ ಮೇಲೂ ಶುರುವಾಗುತ್ತೆ. ಇನ್ನು ಅದರ ಹತ್ತಿರ ಹೋಗಬೇಡಿ."

ಪರದೆ ಸರಿಯಿತು. ಹೆಂಡತಿ ನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದರು. ಕೋಪವಿರಲಿಲ್ಲ, ಅತ್ತಿದ್ದ ಕಣ್ಣು.

"ನಂಗೆ ಮೊದಲಿಂದ ಗೊತ್ತು ಡಾಕ್ಟ್ರೇ. ಅವರ ಶರ್ಟು ಒಗೆಯೋಳು ನಾನು" ಅಂದರು. ಫ್ಲಾಸ್ಕ್ ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಕೇಳಿದರು: "ಸೀಗಡಿ ಬಿಡಿಸ್ತೀನಿ. ಶುಕ್ರವಾರ ತಿನ್ನೋ ಕೋಳಿ ಪರವಾಗಿಲ್ವಾ?"

೫. ಛತ್ರದಲ್ಲಿ

ಎರಡು ಸಾವಿರ ಇಸವಿ ದಾಟಿತ್ತು. ಮಗಳು ಮಿಡ್ಲ್ ಸ್ಕೂಲಿಗೆ ಬಂದಿದ್ದಳು. ತನಗೆ ಯಾವುದು ಆಗದು ಅಂತ ತಾನೇ ಹೇಳಿ, ಕೇಳಿ ತಿನ್ನುವಷ್ಟು ಜಾಣೆ. ಡಾಕ್ಟರಮ್ಮ ನಮಗೊಂದು ಪುಟ್ಟ ಡಬ್ಬಿ ಮಾಡಿಕೊಟ್ಟಿದ್ದರು. ಅದರಲ್ಲಿ ಕತ್ತು ಮುರಿದು ಬಳಸುವ ಔಷಧದ ಗಾಜಿನ ಶೀಶೆಗಳು, ಸಿರಿಂಜು. ಯಾವ ಗೆರೆಯವರೆಗೆ ಎಳೆಯಬೇಕು, ತೊಡೆಯಲ್ಲಿ ಎಲ್ಲಿ ಚುಚ್ಚಬೇಕು ಅಂತ ನನಗೂ ಗಂಡನಿಗೂ ಮೂಸಂಬಿ ಹಣ್ಣಿನ ಮೇಲೆ ಕಲಿಸಿದ್ದರು. ಚುಚ್ಚಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು ಅಂತ ತಾಕೀತು ಮಾಡಿದ್ದರು. ಅತ್ತೆ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ನೋಡಿದ್ದರು.

ಕೆ.ಆರ್. ಪುರಂನ ಛತ್ರವೊಂದರಲ್ಲಿ ಪರಿಚಯದವರ ಮದುವೆ. ಮಗಳು ಬಡಿಸುವವನನ್ನು ಕೇಳಿದಳು: "ಅಂಕಲ್, ಪುಳಿಯೋಗರೇಲಿ ಕಡ್ಲೆಬೀಜ ಇದ್ಯಾ? ನಂಗೆ ಆಗಲ್ಲ." ಅವನು "ಇರು ಪುಟ್ಟಾ" ಅಂತ ಒಳಗೆ ಹೋಗಿ, ಬೇರೆ ತಟ್ಟೆಯಲ್ಲಿ ತಂದು ಬಡಿಸಿ, "ಈಗಿಲ್ಲ, ತಿನ್ನು" ಅಂದ. ಎರಡು ತುತ್ತು ತಿಂದವಳು ನಿಲ್ಲಿಸಿದಳು.

"ಅಮ್ಮಾ, ನಾಲಿಗೆ ತುರಿಸ್ತಿದೆ."

ಕೆಮ್ಮು ಶುರುವಾಯಿತು. ಗಂಡ ಕಾರು ತರಲು ಓಡಿದರು. ಪಕ್ಕದ ಕೋಣೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ನಾನು ಶೀಶೆಯ ಕತ್ತು ಮುರಿಯಲು ಹೋದೆ, ಕೈ ಜಾರಿ ಅದು ಜಮಖಾನದ ಮೇಲೆ ಚೆಲ್ಲಿಹೋಯಿತು. ಮಗಳ ಉಸಿರು ಮತ್ತೆ ಆ ಸಿಳ್ಳೆ ಹಾಕತೊಡಗಿತ್ತು.

"ಸರಿ ಅತ್ತಾಗ" ಅಂದರು ಅತ್ತೆ.

ಎರಡನೇ ಶೀಶೆ ತೆಗೆದುಕೊಂಡರು. ಸೆರಗಿನ ತುದಿಯಲ್ಲಿ ಹಿಡಿದು ಲಟ್ಟನೆ ಮುರಿದರು. ಗೆರೆಯವರೆಗೆ ಎಳೆದು, ಬೆಳಕಿಗೆ ಹಿಡಿದು ಗಾಳಿ ಬಿಟ್ಟು, ಮೊಮ್ಮಗಳ ತೊಡೆಯ ಹೊರಬದಿಗೆ ನೆಟ್ಟಗೆ ಚುಚ್ಚಿದರು. ಸೂಜಿ ತೆಗೆದು ಅಲ್ಲೇ ಬೊಟ್ಟಿಟ್ಟು ಒತ್ತಿ ಹಿಡಿದರು. ಅವರ ಕೈ ಎಲ್ಲೂ ಅಲುಗಲಿಲ್ಲ.

ಬಾಗಿಲಲ್ಲಿ ಬಡಿಸಿದವನು ಅಳುತ್ತಾ ನಿಂತಿದ್ದ. "ಒಂದೊಂದೇ ಬೀಜ ಆರಿಸಿ ತೆಗೆದೆ ಅಮ್ಮ. ತೆಗೆದ್ರೆ ಸಾಕು ಅಂದ್ಕೊಂಡೆ." ಅತ್ತೆ ಹೊರಡುವ ಅವಸರದಲ್ಲೂ ನಿಂತು ಅವನ ಭುಜ ಮುಟ್ಟಿದರು. "ಅಳಬ್ಯಾಡಪಾ. ನಾನೂ ಒಮ್ಮೆ ಹಿಂಗ ಪ್ರೀತಿಲೆ ಕೊಟ್ಟಿದ್ದೆ."

ಓಲ್ಡ್ ಮದ್ರಾಸ್ ರೋಡಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗಳು ಮಾತಾಡುತ್ತಿದ್ದಳು. ಅಲ್ಲಿ ಉಳಿದ ಚಿಕಿತ್ಸೆ ಕೊಟ್ಟು, ಒಂದು ದಿನ ನಿಗಾದಲ್ಲಿ ಇರಲಿ ಅಂದರು. ಚಿಕ್ಕ ವಯಸ್ಸಿನ ಡಾಕ್ಟರು ತೊಡೆಯ ಮೇಲಿನ ಗುರುತು ನೋಡಿ ತಲೆದೂಗಿದರು.

"ಕರೆಕ್ಟಾದ ಟೈಮಿಗೆ, ಕರೆಕ್ಟಾದ ಜಾಗದಲ್ಲಿ ಕೊಟ್ಟಿದೀರಿ. ಯಾರು ಕೊಟ್ಟಿದ್ದು?"

"ನಾನ್ರಿ" ಅಂದರು ಅತ್ತೆ.

"ನೀವು ನರ್ಸ್ ಆಗಿದ್ರಾ ಅಜ್ಜಿ?"

"ಇಲ್ರಿ. ಮನ್ಯಾಗ ರೂಢಿ ಮಾಡ್ಕೊಂಡೀನಿ."

ಡಾಕ್ಟರ ಮುಖ ಸ್ವಲ್ಪ ಗಂಭೀರವಾಯಿತು. "ಯಾರ ಮೇಲೆ?"

"ಬದನಿಕಾಯಿ ಮ್ಯಾಲ್ರಿ. ಇವರಿಬ್ಬರೂ ಆಫೀಸಿಗೆ ಹೋದ ಮ್ಯಾಲೆ, ಮೆಡಿಕಲ್ ಶಾಪಿಂದ ಹೊಸಾ ಸೂಜಿ ತಂದು, ಕಾಸಿ ಆರಿಸಿದ ನೀರು ತುಂಬಿ ಚುಚ್ಚತಿದ್ದೆ. ಮೂಸಂಬಿ ಭಾಳ ಮೆತ್ತಗ, ತೊಡಿ ಹಂಗ ಇರೂದಿಲ್ಲ."

ನನ್ನ ಗಂಡ ಅಲ್ಲಿಯವರೆಗೆ ಮಗಳ ಕಾಲು ಹಿಡಿದು ಕೂತಿದ್ದರು. ನಿಧಾನವಾಗಿ ತಲೆ ಎತ್ತಿದರು.

"ಅವ್ವಾ, ಚುಚ್ಚಿದ ಬದನಿಕಾಯಿ ಏನ್ ಮಾಡತಿದ್ದಿ?"

"ಎಣ್ಣಿಗಾಯಿ ಮಾಡಿ ನಿಮಗ ಹಾಕತಿದ್ದೆ. ಚೆಲ್ಲಾಕ ಬರ್ತೈತೇನು?" ಅಂದರು ಅತ್ತೆ. "ಹೋದ ವಾರ ನೀನ ಅಂದಿ, ಇತ್ತಿತ್ತಲಾಗ ಮಸಾಲಿ ಒಳಗಿನತನಕ ಹಿಡೀತೈತಿ ಅಂತ."