ಹಲಗೆ ಯೂನಿವರ್ಸಿಟಿ ಹೊಕ್ಕ ವರ್ಷ

ಇಂಥ ಪಜೀತಿಗಳು ನನ್ನನ್ನೇ ಹುಡುಕ್ಕೊಂಡು ಬರ್ತಾವೆ, ನಾನೇನೂ ಕರೆಯಲ್ಲ. ಹೊನ್ನಾಳಿ ಕಡೆ ಹಲಗೆ, ಅದೇ ತಮಟೆ, ಬಡಿಯೋನು ನಾನು. ಚನ್ನಗಿರಿ ಸೀಮೆ ನಲ್ಲೂರಾಗೆ ನಿಂತು ಬಡಿದ್ರೆ, ಅಷ್ಟು ದೂರದ ಸಾಸ್ವೆಹಳ್ಳಿ ಹತ್ರ ಹೊಳೆ ನೀರು ಒಂದು ಗಳಿಗೆ ನಿಂತು, ಕೇಳಿ, ಆಮೇಲೆ ಮುಂದಕ್ಕೆ ಹರೀತಿತ್ತು. ನೋಡಿದವರು ಈಗ ಯಾರೂ ಬದುಕಿಲ್ಲ, ಅದಕ್ಕೆ ನಾನೇನು ಮಾಡ್ಲಿ? ಶಾಲೆ ಮೆಟ್ಟಿಲು ಹತ್ತಿಲ್ಲ, ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಇಂಥ ನನ್ನನ್ನ ಯೂನಿವರ್ಸಿಟಿ ಸಂಗೀತ ವಿಭಾಗಕ್ಕೆ ಮೇಷ್ಟ್ರಾಗಿ ಕರೆದ್ರು.

ಬೆಂಚು

ಅಲ್ಲಿ ವೀಣೆ, ಪಿಟೀಲು, ಮೃದಂಗ ಮೊದಲಿಂದ ಇದ್ದವು. ಎಲ್ಲರ ಸಂಗೀತಾನೂ ಒಳಗೆ ಬರಬೇಕು ಅಂತ ಒಂದು ಸಮಿತಿ ಮಾಡಿದ್ರು. ಅದರ ಮೊದಲ ಮೀಟಿಂಗಿಗೆ ಹೋದ್ರೆ ಜವಾನ ಬಾಗಿಲಲ್ಲೇ ತಡೆದ.

"ಅಜ್ಜಾರೆ, ಹೊರಗೆ ಕೂತಿರ್ರಿ. ಒಳಗೆ ನಿಮ್ಮ ವಿಷಯಾನೇ ನಡೀತೈತೆ."

ಮೂರು ತಾಸು ಬೆಂಚಿನ ಮೇಲೆ ಕೂತೆ. ಕೊನೆಗೆ ವಿಭಾಗದ ಮುಖ್ಯಸ್ಥೆ ಮೇಡಂ ನಗ್ತಾ ಹೊರಗೆ ಬಂದ್ರು. "ನಿಮ್ಮನ್ನ ಒಳಗೆ ಸೇರಿಸ್ಕೋಬೇಕು ಅಂತ ಎಲ್ಲರೂ ಒಪ್ಪಿದ್ರು ಅಜ್ಜಾರೆ! ಒಂದೇ ಮಾತು. ವರ್ಷದಾಗೆ ಒಬ್ಬರಾದ್ರೂ ಹಲಗೆಯಲ್ಲಿ ಪಾಸಾಗಬೇಕು. ಇಲ್ಲಾಂದ್ರೆ ತರಗತಿ ಮುಚ್ತಾರೆ."

"ಆತು ತಾಯಿ. ಈಗ ಒಳಗೆ ಬರ್ಲಾ?"

"ಮೀಟಿಂಗ್ ಮುಗೀತಲ್ಲ!"

ಬೆಂಕಿ

ಸೇರಿದ್ದು ಒಬ್ಬಳೇ, ಜಗಳೂರು ಕಡೆ ಹುಡುಗಿ. "ನಮ್ಮೂರಾಗೆ ಹೆಣ್ಣುಮಕ್ಕಳು ಹಲಗೆ ಮುಟ್ಟಂಗಿಲ್ಲ ಅಜ್ಜ. ಅದಕ್ಕೇ ಬಂದೆ" ಅಂದ್ಲು. ಮೊದಲ ದಿನಾನೇ ನನಗೆ ಇಷ್ಟ ಆದ್ಲು.

ಕೊಟ್ಟಿದ್ದು ಏಸಿ ರೂಮು. ತಣ್ಣಗಿದ್ರೆ ಹಲಗೆ ಚರ್ಮ ಸಡಿಲ ಆಗ್ತೈತೆ, ಬಡಿದ್ರೆ ಒದ್ದೆ ಬಟ್ಟೆ ಒಗೆದಂಗೆ ಸದ್ದು. ಬೆಂಕಿಗೆ ಹಿಡಿದು ಕಾಯಿಸ್ಲೇಬೇಕು. ವರಾಂಡದಾಗೆ ಒಂದು ಹಿಡಿ ಹುಲ್ಲು ಹಚ್ಚಿದೆ. ಮಾಳಿಗೆ ಮೇಲಿನ ಅಲಾರಾಮು ಕಿರುಚಿಕೊಂತು. ವೀಣೆಯವರು ವೀಣೆ ಎತ್ಕೊಂಡು ಓಡಿದ್ರು. ಸೆಕ್ಯೂರಿಟಿಯವನು ಕೆಂಪು ಸಿಲಿಂಡರು ತಂದು ಬೆಂಕಿಗೂ ಹಲಗೆಗೂ ನನಗೂ ಬಿಳೀ ನೊರೆ ಹೊಡೆದ.

ಮೃದಂಗದ ಮೇಷ್ಟ್ರು ಬಂದು ಬಲು ವಿನಯದಿಂದ ಕೇಳಿದ್ರು. "ಅಜ್ಜಾರೆ, ನಿಮ್ಮ ವಾದ್ಯಕ್ಕೆ ಶ್ರುತಿ ಮಾಡೋದು ಹೆಂಗೆ?"

"ಅದನ್ನೇ ರೀ ಮಾಡ್ತಿದ್ದದ್ದು. ಆರಿಸಿಬಿಟ್ರಲ್ಲ!"

ಕೇರಿ

ಒಬ್ಬಳನ್ನೇ ನಂಬಿ ಕೂರೋದು ಹೆಂಗೆ? ನ್ಯಾಮತಿ ಕಡೆ ನಮ್ಮವರ ಕೇರಿಗೆ ಹೋದೆ. ಹಿಂದೆ ನನ್ನ ಜೊತೆ ಬಡೀತಿದ್ದ ಗೆಣೆಕಾರ ಕಟ್ಟೆ ಮೇಲೆ ಕೂತಿದ್ದ.

"ನಿನ್ನ ಮೊಮ್ಮಗನ್ನ ಕಳಿಸೋ, ಡಿಗ್ರಿ ಕೊಡ್ತಾರೆ."

"ಏನ್ ಕಲಿಸ್ತೀಯ?"

"ಹಲಗೆ."

ಅವನು ನನ್ನನ್ನೇ ದಿಟ್ಟಿಸಿ ನೋಡಿದ. "ಹುಡುಗ್ರು ಕಾಲೇಜಿಗೆ ಹೋಗ್ಲಿ ಅಂತಲ್ಲೇನಲೇ ನಾವು ಹಲಗೆ ಬಿಟ್ಟಿದ್ದು? ಈಗ ಕಾಲೇಜಿಗೂ ಅದನ್ನೇ ಹೊತ್ಕೊಂಡು ಹೋಗಿದ್ದೀಯಲ್ಲ!"

ಒಳಗಿಂದ ಅವನ ಹೆಂಡ್ತಿ ಕೂಗಿದ್ಲು: "ಮೊಮ್ಮಗ ಬ್ಯಾಡ, ಇವರನ್ನೇ ಕರ್ಕೊಂಡು ಹೋಗ್ರಿ. ಅನ್ನ ತಡವಾದ್ರೆ ದಿನಾ ತಟ್ಟೆ ಬಡೀತಾರೆ."

ಪರೀಕ್ಷೆ

ಪ್ರಶ್ನೆಪತ್ರಿಕೆ ಆಯಾ ಮೇಷ್ಟ್ರೇ ಬರೀಬೇಕಂತೆ. ನನ್ನ ಅಕ್ಷರ ನನಗೇ ಓದಾಕೆ ಬರಲ್ಲ. ನಾನು ಹೇಳಿದೆ, ಹುಡುಗಿ ಬರೆದ್ಲು.

"ಗುಟ್ಟಾಗಿರ್ಲಿ, ಬೇರೆ ಹುಡುಗ್ರಿಗೆ ಹೇಳಬ್ಯಾಡ" ಅಂದೆ.

"ಯಾರಿಗೆ ಹೇಳ್ಲಿ ಅಜ್ಜ? ಇರೋದು ನಾನೊಬ್ಬಳೇ."

ಪ್ರಶ್ನೆ ಬರೆದವಳೂ ಅವಳೇ, ಉತ್ತರ ಬರೆದವಳೂ ಅವಳೇ. ಫೇಲಾದ್ಲು!

ತಿದ್ದೋರಿಗೆ ಡಿಗ್ರಿ ಇರಬೇಕಂತೆ. ಹಂಗಾಗಿ ಮೃದಂಗದ ಮೇಷ್ಟ್ರು ತಿದ್ದಿದ್ರು. ಸಾವಿನ ಬಡಿತ ಯಾವಾಗ ನಿಲ್ಲಿಸಬೇಕು ಅನ್ನೋ ಪ್ರಶ್ನೆಗೆ ಹುಡುಗಿ, "ಮಣ್ಣು ಮಾಡಿ, ಮನೆಯವರು ಬೆನ್ನು ತಿರುಗಿಸಿದ ಮೇಲೆ" ಅಂತ ಬರೆದಿದ್ಲು. ಪಕ್ಕದಾಗೆ ಕೆಂಪು ಇಂಕು: "ತಾಳದ ಎಷ್ಟನೇ ಆವರ್ತನ? ತಿಳಿಸಿಲ್ಲ." ಸೊನ್ನೆ.

"ಊರಾಗೆ ಏನಂತ ಹೇಳ್ಲಿ ಅಜ್ಜ?" ಅಂತ ಹುಡುಗಿ ಅತ್ತಳು. ನನಗೆ ತಡೀಲಿಲ್ಲ. ಮೇಡಂ ರೂಮಿಗೆ ನುಗ್ಗಿದೆ. "ಆ ಉತ್ತರ ಎಲ್ಲಾ ನಾನು ಕಲಿಸಿದ್ದು ರೀ! ನನ್ನನ್ನೇ ಕೂರಿಸಿ ಕೇಳ್ರಿ!"

ಕೂರಿಸಿದ್ರು. ಅವೇ ಪ್ರಶ್ನೆ ಓದಿದ್ರು, ನಾನು ಬಾಯಲ್ಲೇ ಹೇಳಿದೆ, ಮೃದಂಗದ ಮೇಷ್ಟ್ರು ಮಾರ್ಕ್ಸ್ ಹಾಕಿದ್ರು. ಪ್ರಾಮಾಣಿಕ ಮನುಷ್ಯ, ಭೇದ ಭಾವ ಇಲ್ಲ. ನಾನೂ ಫೇಲು.

ತರಗತಿ ಮುಚ್ಚಿದ್ರು. ಹುಡುಗಿ ಜಗಳೂರು ಬಸ್ಸು ಹತ್ತಿದ್ಲು. ಆದರೆ ಒಂದು ಮಾತು. ಇಬ್ಬರ ಮಾರ್ಕ್ಸ್ ಚೀಟೀನೂ ಪಕ್ಕಪಕ್ಕ ಇಟ್ಟು ನೋಡಿದೆ: ಹುಡುಗಿಗೆ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ. ಹಂಗೆ ಕಲಿಸೋ ಮೇಷ್ಟ್ರು ಈ ಸೀಮೆಯಾಗೆ ಇನ್ನೊಬ್ಬ ಇದ್ರೆ ತೋರಿಸ್ರಿ.