ಟಾಂಕಿಯ ಮೇಲಿಂದ ಕಾಲೇಜಿನ ಚಂದ

ಚಂದ ಯಾವುದು, ಚಂದವಲ್ಲದ್ದು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಕೇರಳದ ಗಡಿಯ ಬಂದ್ಯೋಡು ಪೇಟೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಎಂದು ನಾನು ತಿಳಿದುಕೊಂಡಿದ್ದೆ. ಯಾಕೆಂದರೆ ಅಲ್ಲಿ ಫೋಟೊ ಸ್ಟುಡಿಯೋ ಇಟ್ಟವನು ನಾನು. ಗಲ್ಫಿಗೆ ಹೊರಟ ಎಷ್ಟೋ ಮುಖಗಳನ್ನು ಪಾಸ್‌ಪೋರ್ಟಿಗೆ ಯೋಗ್ಯವಾಗುವಂತೆ ಮಾಡಿದವನು. ಅಂಥವನಿಗೆ ಒಂದು ಕಾಲೇಜನ್ನು ಚಂದ ಕಾಣಿಸುವುದು ಎಷ್ಟರ ಕೆಲಸ?

ಕಾಲೇಜು ಇದ್ದದ್ದು ಪೇಟೆಯಿಂದ ಸ್ವಲ್ಪ ಒಳಗೆ, ಕೆಂಪುಕಲ್ಲಿನ ಬೋಳು ಗುಡ್ಡದ, ನಮ್ಮ ಮಾತಿನಲ್ಲಿ ಪದವಿನ, ಮೇಲೆ. ಅದರ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಮುಖಪುಟದ ಫೋಟೊ ಬೇಕೆಂದು ನನಗೆ ಕರೆ ಬಂತು. ನನ್ನ ಅಂಗಡಿಯ ಎದುರಿಗೇ ಹೊಸದೊಂದು ಏಸಿ ಸ್ಟುಡಿಯೋ ಬಾಗಿಲು ತೆರೆದು, ನನ್ನ ಗಿರಾಕಿಗಳೆಲ್ಲ ತಂಪು ಹುಡುಕಿಕೊಂಡು ರಸ್ತೆ ದಾಟುತ್ತಿದ್ದ ಕಾಲವದು. ಈ ಸಂಚಿಕೆ ಊರಿನ ಮನೆಮನೆಗೆ ಹೋಗುತ್ತದೆ, ದುಬೈ, ದೋಹಾದಲ್ಲಿರುವ ಹಳೆ ವಿದ್ಯಾರ್ಥಿಗಳ ಕೈಗೂ ಹೋಗುತ್ತದೆ. ಅದರ ಮೊದಲ ಪುಟದಲ್ಲಿ ನನ್ನ ಹೆಸರು! ನಾನು ಆ ರಾತ್ರಿಯೇ ಕ್ಯಾಮೆರಾದ ಲೆನ್ಸನ್ನು ಮೂರು ಸಲ ಒರೆಸಿದೆ.

ಸಮಿತಿಯ ಸಭೆಗೆ ಹೋದ ಮೇಲೆ ಗೊತ್ತಾಯಿತು, ಕಾಲೇಜು ಒಂದೇ ಆದರೂ ಅದರ ಚಂದ ಮೂರು.

ಆಡಳಿತ ಮಂಡಳಿಯ ಅಧ್ಯಕ್ಷರಾದ ಅಬೂಬಕ್ಕರ್ ಹಾಜಿಯವರ ಪ್ರಕಾರ ಕಾಲೇಜಿನ ಚಂದವೆಲ್ಲ ಇದ್ದದ್ದು ಹೊಸ ಮಹಾದ್ವಾರದಲ್ಲಿ. ಎರಡು ಎತ್ತರದ ಕಂಬ, ನಡುವೆ ಗುಮ್ಮಟ, ಸಂಜೆಯಾದರೆ ಬಣ್ಣ ಬದಲಿಸುವ ದೀಪ. ಅಬುಧಾಬಿಯಲ್ಲಿಯೂ ಇಂಥದ್ದು ಅಪರೂಪ ಎಂದರು. ಪ್ರಿನ್ಸಿಪಾಲ್ ಮೇಡಂ ಪಯ್ಯನ್ನೂರು ಕಡೆಯವರು. ಅವರಿಗೆ ನೀಲಿ ಗಾಜಿನ ಹೊಸ ಬ್ಲಾಕೇ ಆಗಬೇಕು. ಅದನ್ನು ನೋಡಿದರೆ ಮಕ್ಕಳಿಗೆ ಇಲ್ಲಿ ಕಲಿಯಬೇಕು ಅನ್ನಿಸುತ್ತದಂತೆ. ನಿವೃತ್ತ ಕನ್ನಡ ಅಧ್ಯಾಪಕರಾದ ಭಟ್ಟ ಮಾಷ್ಟ್ರು ಮಾತ್ರ ಹಳೆಯ ಕಟ್ಟಡವನ್ನು ಬಿಡಲಿಲ್ಲ. ಗಾರೆ ಮೆತ್ತದ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ. ಕಟ್ಟಡ ಎಂದರೆ ಅದು, ಉಳಿದದ್ದು ಮೊಬೈಲ್ ಅಂಗಡಿ ಎಂದು ಅವರು ಹೊಸ ಬ್ಲಾಕಿನ ಕಡೆ ನೋಡದೆಯೇ ಹೇಳಿದರು. ಆ ಮಾಡಿನಿಂದ ಬಾವಲಿ ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ಬೀಳುತ್ತದೆ ಎಂದು ಮೇಡಂ ನೆನಪಿಸಿದರು. ಕಾಲೇಜಿಗೆ ಬಂದವರು ಮೊದಲು ನೋಡುವುದೇ ದ್ವಾರವನ್ನು ಎಂದು ಹಾಜಿಯವರು ನಡುವೆ ಬಂದರು.

"ಹೌದು ಹಾಜಿಯವರೇ," ಎಂದರು ಭಟ್ಟ ಮಾಷ್ಟ್ರು, "ಹೊರಗೆ ಹೋಗುವಾಗ ಅದು ಇನ್ನೂ ಚಂದ ಕಾಣುತ್ತದೆ."

ಚಹಾ ಮುಗಿಯಿತು, ಬಾಳೆಕಾಯಿ ಪೋಡಿ ಮುಗಿಯಿತು, ಚರ್ಚೆ ಮುಗಿಯಲಿಲ್ಲ. ಆಗ ನಾನು ಎದ್ದು ನಿಂತು, ಮೂರನ್ನೂ ಒಂದೇ ಚಿತ್ರದಲ್ಲಿ ತರುವುದು ನನ್ನ ಜವಾಬ್ದಾರಿ ಎಂದು ಘೋಷಿಸಿದೆ. ಮೂವರೂ ಒಮ್ಮೆಲೇ ನನ್ನನ್ನು ನೋಡಿದ ಆ ನೋಟದಲ್ಲಿ ಗೌರವವಿತ್ತು. ನನಗೆ ಸಿಕ್ಕಿದ ಗೌರವಗಳಲ್ಲಿ ಅದು ಕೊನೆಯದು.

ಮನೆಗೆ ಬಂದು ಹೆಂಡತಿ ಸುಮಿತ್ರಾಳಿಗೆ ಹೇಳಿದೆ. ಅವಳು ಅದೇ ಕಾಲೇಜಿನ ಮೊದಮೊದಲ ವಿದ್ಯಾರ್ಥಿನಿ. ಅಲ್ಲಿ ಚಂದ ಅಂತ ಇದ್ದದ್ದು ಹಿಂದುಗಡೆಯ ಗೇರುಮರದ ನೆರಳು ಮಾತ್ರ, ಕಟ್ಟಡವನ್ನೆಲ್ಲ ಯಾರು ನೋಡಿದ್ದಾರೆ ಎಂದು ಅವಳು ನಾಲ್ಕನೆಯ ಅಭಿಪ್ರಾಯ ಕೊಟ್ಟಳು. ವಾಸ್ತುಶಿಲ್ಪದ ಬಗ್ಗೆ ಅವಳಿಗೆ ಸ್ವಲ್ಪ ತಿಳಿವಳಿಕೆ ಕೊಟ್ಟೆ. ಅವಳು ಅನ್ನ ಬಸಿಯುತ್ತಾ ಕೇಳಿದಳು. ಮರುದಿನ ಆ ಮರ ಉಂಟಾ ಇಲ್ಲವಾ ನೋಡಬೇಕೆಂದು ತಾನೂ ಸ್ಕೂಟರ್ ಹತ್ತಿದಳು. ಮರದ ಫೋಟೊ ತೆಗೆಯಲು ನನ್ನ ಹಳೆಯ ಸಣ್ಣ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಕೊಂಡಳು.

ಕಾಲೇಜಿನಲ್ಲಿ ಎಲ್ಲಿ ನಿಂತರೂ ಎರಡು ಚಂದ ಸಿಕ್ಕುತ್ತಿತ್ತು, ಮೂರನೆಯದು ತಪ್ಪುತ್ತಿತ್ತು. ಕೊನೆಗೆ ಗೇರುಮರದ ಪಕ್ಕದಲ್ಲೇ ಇದ್ದ ನೀರಿನ ಟಾಂಕಿ ಕಣ್ಣಿಗೆ ಬಿತ್ತು. ನಾಲ್ಕು ಕಂಬಗಳ ಮೇಲೆ ಕಾಂಕ್ರೀಟು ಟಾಂಕಿ, ಒಂದು ಕಂಬಕ್ಕೆ ಕಬ್ಬಿಣದ ಮೆಟ್ಟಿಲು.

"ನಿಮಗೆ ಎಂತ ಮರ್ಲಾ?" ಎಂದಳು ಸುಮಿತ್ರಾ, ತಲೆ ಕೆಟ್ಟವನನ್ನು ನೋಡುವ ಹಾಗೆ ನೋಡಿ. "ಮನೆಯ ಅಟ್ಟಕ್ಕೆ ಹತ್ತಲಿಕ್ಕೆ ನಾನು ಏಣಿ ಹಿಡಿಯಬೇಕು."

ಕಲಾವಿದನಿಗೆ ಮನೆಯವರ ಅಡ್ಡಿ ಹೊಸತಲ್ಲ. ನಾನು ಹತ್ತಿಯೇ ಬಿಟ್ಟೆ. ಮೇಲೆ ನಿಂತು ನೋಡಿದರೆ, ಆಹಾ! ಎಡಕ್ಕೆ ಕೆಂಪುಕಲ್ಲು, ಬಲಕ್ಕೆ ನೀಲಿ ಗಾಜು, ದೂರದಲ್ಲಿ ಗುಮ್ಮಟ. ಮೂರೂ ಒಂದೇ ಚೌಕಟ್ಟಿನಲ್ಲಿ. ಉಸಿರು ಹಿಡಿದು ಗುಂಡಿ ಒತ್ತಿದೆ. ಕ್ಯಾಮೆರಾದ ಪರದೆಯ ಮೇಲೆ 'ಕಾರ್ಡ್ ಇಲ್ಲ' ಎಂದು ಬಂತು.

ಕಾರ್ಡು ಸ್ಟುಡಿಯೋದ ಕಂಪ್ಯೂಟರಿನಲ್ಲೇ ಇತ್ತು. ಕೆಳಗೆ ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ಆದ್ದರಿಂದ ನಾನು ಬಗ್ಗಿ, ಕುಳಿತು, ಒಂದು ಕಣ್ಣು ಮುಚ್ಚಿ, ಬೇಕಷ್ಟು ಹೊತ್ತು ಫೋಟೊ ತೆಗೆದೆ. ಒಂದೂ ದಾಖಲಾಗಲಿಲ್ಲ. ಆಮೇಲೆ ಇಳಿಯಲು ಹೊರಟೆ. ಹತ್ತುವಾಗ ಕಣ್ಣು ನೋಡುತ್ತದೆ, ಕಾಲು ಹೋಗುತ್ತದೆ. ಇಳಿಯುವಾಗ ಕಾಲಿಗೇ ಕಣ್ಣು ಬೇಕು. ಅಂಚಿನಿಂದ ಒಂದು ಕಾಲು ಕೆಳಗೆ ಬಿಟ್ಟು ಮೆಟ್ಟಿಲನ್ನು ಹುಡುಕಿದೆ. ಗಾಳಿ ಸಿಕ್ಕಿತು. ಕಾಲನ್ನು ಮೇಲೆ ಎಳೆದುಕೊಂಡು ಟಾಂಕಿಯ ಪೈಪನ್ನು ತಬ್ಬಿ ಕುಳಿತೆ.

ಮೊದಲು ಬಂದವನು ಅಟೆಂಡರ್. ಆಮೇಲೆ ಒಂದು ಕ್ಲಾಸು ಬಂತು. ಆಮೇಲೆ ಎಲ್ಲ ಕ್ಲಾಸುಗಳೂ ಬಂದವು. ಬೆಳ್ಳಿಹಬ್ಬದ ಕೆಲಸಕ್ಕೆ ಬಂದಿದ್ದ ಹಾಜಿಯವರು, ಭಟ್ಟ ಮಾಷ್ಟ್ರು ಕೂಡ ಬಂದರು. ಕೇರಳದಲ್ಲಿ ಎತ್ತರದ ಜಾಗಕ್ಕೆ ಹತ್ತಿ ಕುಳಿತರೆ ಅದಕ್ಕೆ ಒಂದೇ ಅರ್ಥ, ಮುಷ್ಕರ. ಮೇಡಂ ಮೈಕು ಹಿಡಿದುಕೊಂಡು ಬಂದು ಕೇಳಿದರು, "ಇದು ಎಂತ ಸಮರ? ನಿಮ್ಮ ಬೇಡಿಕೆ ಎಂತ ಉಂಟು, ಹೇಳಿ."

"ಕಾಲು! ಕಾಲು!" ಎಂದು ನಾನು ಕಿರುಚಿದೆ.

ಪದವಿನ ಗಾಳಿ ಅದನ್ನು 'ಕಲ್ಲು, ಕಲ್ಲು' ಮಾಡಿ ಕೆಳಗೆ ಮುಟ್ಟಿಸಿತು.

ಭಟ್ಟ ಮಾಷ್ಟ್ರ ಕಣ್ಣು ತುಂಬಿ ಬಂತಂತೆ. ಕೆಂಪುಕಲ್ಲಿನ ಕಟ್ಟಡಕ್ಕಾಗಿ ಪ್ರಾಣ ಕೊಡಲು ಸಿದ್ಧನಾದ ಒಬ್ಬ ಮನುಷ್ಯನನ್ನು ಅವರು ಆವರೆಗೆ ಕಂಡಿರಲಿಲ್ಲ. ಹಾಜಿಯವರು ಮೈಕು ತೆಗೆದುಕೊಂಡು, "ಸೀತಾರಾಮಣ್ಣ, ಕಲ್ಲಿನ ಕಟ್ಟಡವನ್ನೇ ಹಾಕುವ ಮಾರಾಯ, ನೀವು ಇಳಿಯಿರಿ," ಎಂದು ಬೇಡಿಕೊಂಡರು. ಮೇಡಂ ಕೂಡ ಒಪ್ಪಿದರು. ಇಷ್ಟಾದ ಮೇಲೆ ಭಟ್ಟ ಮಾಷ್ಟ್ರಿಗೆ ಸಂಕೋಚವಾಗಿ, ಛೆ ಛೆ, ದ್ವಾರವೇ ಆಗಲಿ ಎಂದರು. ಬೇಡ, ಮೇಡಂ ಹೇಳಿದ ಗಾಜಿನದ್ದೇ ಇರಲಿ ಎಂದು ಹಾಜಿಯವರು ಹಟ ಹಿಡಿದರು. ನಿನ್ನೆ ತಮ್ಮ ತಮ್ಮ ಚಂದಕ್ಕಾಗಿ ಜಗಳವಾಡಿದವರು ಈಗ ಇನ್ನೊಬ್ಬರ ಚಂದಕ್ಕಾಗಿ ಜಗಳವಾಡತೊಡಗಿದರು. ಮೇಲೆ ನನ್ನ ಕೈ ಜೋಮು ಹಿಡಿಯುತ್ತಿತ್ತು.

ಕೊನೆಗೆ ಸುಮಿತ್ರಾ ಹಾಜಿಯವರ ಕೈಯಿಂದ ಮೈಕು ತೆಗೆದುಕೊಂಡಳು. "ಕಲ್ಲಲ್ಲ, ಕಾಲು. ಇವರಿಗೆ ಇಳಿಯಲಿಕ್ಕೆ ಬರುವುದಿಲ್ಲ, ಅಷ್ಟೇ."

ಮೈಕಿನಲ್ಲಿ ಹೇಳುವ ಅಗತ್ಯ ಇತ್ತೇ ಎಂದು ನಾನು ಆಮೇಲೆ ಕೇಳಿದೆ. ಹಿಂದಿನವರಿಗೆ ಕೇಳಿಸುತ್ತಿರಲಿಲ್ಲ ಎಂದಳು.

ಫಯರ್ ಫೋರ್ಸಿನ ವಾಹನ ಸೈರನ್ ಊದುತ್ತಾ ಪೇಟೆಯ ನಡುವಿನಿಂದಲೇ ಬಂತು. ಅದರ ಹಿಂದೆ ಪೇಟೆಯೇ ಬಂತು. ಎದುರಿನ ಸ್ಟುಡಿಯೋದವನು ಏಸಿ ಆರಿಸಿ ಬಂದಿದ್ದ. ಮಹಾದ್ವಾರದಲ್ಲಿ ಆ ದೊಡ್ಡ ಗಾಡಿ ಸಲೀಸಾಗಿ ನುಗ್ಗಿದ್ದನ್ನು ಕಂಡು ಹಾಜಿಯವರು ಹೆಮ್ಮೆಯಿಂದ ಎಲ್ಲರ ಮುಖ ನೋಡಿದರಂತೆ. ಇಬ್ಬರು ಮೇಲೆ ಬಂದು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಕೆಳಗೆ ನೋಡಬೇಡಿ, ನೇರ ಎದುರಿಗೆ ನೋಡಿ ಎಂದರು. ಎದುರಿಗೆ ನೀಲಿ ಗಾಜು. ಅದರಲ್ಲಿ ನಾನು ಅಕ್ಕಿಮುಡಿಯ ಹಾಗೆ ತಿರುಗುತ್ತಾ ಇಳಿಯುವುದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಸ ಬ್ಲಾಕು ಚಂದವಿಲ್ಲ ಎಂದವರು ಅದರ ಗಾಜಿನ ಗುಣಮಟ್ಟವನ್ನು ಪರೀಕ್ಷಿಸಿಲ್ಲ. ನೆಲ ಮುಟ್ಟಿದಾಗ ಇಡೀ ಕಾಲೇಜು ಚಪ್ಪಾಳೆ ತಟ್ಟಿತು. ನಾನೂ ಗೊತ್ತಿಲ್ಲದೆ ಕೈಮುಗಿದೆ.

ಮನೆಗೆ ಬಂದು ಸಣ್ಣ ಕ್ಯಾಮೆರಾ ತೆರೆದರೆ, ಗೇರುಮರದ ಎರಡು ಫೋಟೊಗಳ ನಂತರ ಅದು ಇತ್ತು. ಮರದ ಬುಡದಲ್ಲಿ ನಿಂತು ಸುಮಿತ್ರಾ ಜನರ ಕಡೆ ತಿರುಗಿ ತೆಗೆದದ್ದು. ಹಿಂದೆ ಕೆಂಪುಕಲ್ಲಿನ ಜಗಲಿ, ಪಕ್ಕದ ನೀಲಿ ಗಾಜಿನಲ್ಲಿ ಅದರ ಹಂಚಿನ ಮಾಡಿನ ಪ್ರತಿಬಿಂಬ, ದೂರದಲ್ಲಿ ಗುಮ್ಮಟ. ಮುಂದೆ ನೂರಾರು ಮಕ್ಕಳು, ಅಧ್ಯಾಪಕರು, ಹಾಜಿಯವರು, ಮಾಷ್ಟ್ರು, ಮೇಡಂ, ಎಲ್ಲರೂ ಮುಖವೆತ್ತಿ ಮನಸಾರೆ ನಗುತ್ತಿದ್ದರು. ಸಮಿತಿಯಲ್ಲಿ ಅದನ್ನು ತೋರಿಸಿದಾಗ ಒಬ್ಬರೂ ತಕರಾರು ಎತ್ತಲಿಲ್ಲ. ನಮ್ಮ ಕಾಲೇಜು ಇಷ್ಟು ಚಂದ ಉಂಟು ಅಂತ ಗೊತ್ತೇ ಇರಲಿಲ್ಲ ಎಂದು ಹಾಜಿಯವರು ಮೆಲ್ಲಗೆ ಹೇಳಿದರು. ಮೇಲಿನ ಮೂಲೆಯಲ್ಲಿ ಹಗ್ಗದ ಜೊತೆ ಎರಡು ಪಾದಗಳು ನೇತಾಡುತ್ತಿದ್ದವು. ಅವುಗಳನ್ನು ಕತ್ತರಿಸಿ ತೆಗೆಯಬೇಕೆಂದು ತೀರ್ಮಾನವಾಯಿತು. ಆ ಕೆಲಸವನ್ನು ನನ್ನ ಸ್ಟುಡಿಯೋಕ್ಕೇ ಕೊಟ್ಟರು.

ಸಂಚಿಕೆ ಹೊರಬಂತು. 'ಛಾಯಾಚಿತ್ರ: ಸುಮಿತ್ರಾ ಸೀತಾರಾಮ.' ನನ್ನ ಹೆಸರೂ ಬಂದಂತಾಯಿತು, ಬಾಲದಲ್ಲಿ. ಚಿತ್ರದ ಕೆಳಗೆ ಭಟ್ಟ ಮಾಷ್ಟ್ರು ಒಂದು ಸಾಲು ಬರೆದುಕೊಟ್ಟಿದ್ದರು: 'ಉಜ್ವಲ ಭವಿಷ್ಯದತ್ತ ನಮ್ಮ ನೋಟ.' ಓದಿದವರೆಲ್ಲ ಮೆಚ್ಚಿಕೊಂಡರು. ದೋಹಾದಿಂದ ಫೋನು ಮಾಡಿದ ಹಳೆ ವಿದ್ಯಾರ್ಥಿಯೊಬ್ಬ, ಭವಿಷ್ಯದ ಬಗ್ಗೆ ಇಷ್ಟು ಸಂತೋಷಪಡುವ ಮಕ್ಕಳನ್ನು ತಾನು ಎಲ್ಲಿಯೂ ನೋಡಿಲ್ಲ ಎಂದ.

ಆ ಭವಿಷ್ಯದ ಪ್ಯಾಂಟು ಹಿಂದುಗಡೆ ಒಂದು ಗೇಣು ಹರಿದಿತ್ತು ಎಂದು ನಾನು ಅವನಿಗೆ ಹೇಳಲು ಹೋಗಲಿಲ್ಲ.