ಪಕ್ಕೆಯಲ್ಲಿ ಅಡಗಿದ ಮಾಲು

"ಲೋ ಕಳ್ಳ ನನ್ಮಗನೆ, ಷರಟು ಎತ್ತೋ!"

ಪಾಳಿ ಮುಗಿಸಿ ಸಾಲಾಗಿ ನಿಂತಿದ್ದ ನಲವತ್ತು ಜನರ ಮುಂದೆ ಗೇಟಿನ ಕಾವಲುಗಾರ ಕೂಗಿದ. ಆ ಕಾರ್ಖಾನೆಯಲ್ಲಿ ತಿಂಗಳಿಂದ ಹಿತ್ತಾಳೆ ನಲ್ಲಿಗಳು ಮಾಯವಾಗುತ್ತಿದ್ದವು. ಸಿಕ್ಕಿಬಿದ್ದವನ ಕೆಲಸ ಅಲ್ಲೇ ಖತಂ ಎಂದು ಮ್ಯಾನೇಜರ್ ಬೋರ್ಡು ಬರೆಸಿದ್ದ. ಈಗ ನೋಡಿದರೆ, ನಲ್ಲಿಗೆ ಪಾಲಿಷ್ ಹಾಕುವವನ ಎಡಪಕ್ಕೆಯಲ್ಲಿ ಷರಟು ಉಬ್ಬಿಕೊಂಡಿತ್ತು.

"ಅದು ನನ್ನ ಮೈ ಕಣಣ್ಣ."

"ಮೈಯಲ್ಲಿ ನಲ್ಲಿ ಬೆಳೆಯುತ್ತೇನೋ?"

ಪಾಲಿಷಿನವನು ಹಲ್ಲು ಕಚ್ಚಿ ಷರಟು ಎತ್ತಿದ. ಮೂತ್ರಪಿಂಡದ ಆಪರೇಷನ್ನಿನ ಉದ್ದನೆ ಗಾಯದ ಗುರುತು. ಅದರ ಕೆಳಗೆ ಬನ್ನಿನಷ್ಟು ಉಬ್ಬು. ಭಾರ ಎತ್ತಲಾಗದು ಎಂದು ಗೊತ್ತಾದರೆ ಕೆಲಸ ಹೋದೀತೆಂದು ಆರು ತಿಂಗಳಿಂದ ಮುಚ್ಚಿಟ್ಟಿದ್ದ.

ಕಾವಲುಗಾರ ಹೆಬ್ಬೆರಳಿನಿಂದ ಒತ್ತಿದ. ಗುಳುಗುಳು ಎಂದು ಉಬ್ಬು ಒಳಗೆ ಹೋಯಿತು.

"ಭಾವಾ! ಮಾಲು ಒಳಗೆ ಎಳ್ಕೊಂಡ!"

ಭಾವ ಎಂದರೆ ಮ್ಯಾನೇಜರೇ. ಓಡಿ ಬಂದವನು ಪಾಲಿಷಿನವನನ್ನು ಒಳಗೆ ಎಳೆದೊಯ್ದು ಪ್ಯಾಕಿಂಗ್ ಮೇಜಿನ ಮೇಲೆ ಮಲಗಿಸಿದ. ಎಲ್ಲರೂ ಹಿಂಬಾಲಿಸಿದರು. ಉಬ್ಬಿಲ್ಲ. ಎಬ್ಬಿಸಿ ನಿಲ್ಲಿಸಿದ. ಇದೆ! ಮತ್ತೆ ಮಲಗಿಸಿದ. ಇಲ್ಲ!

"ನಮ್ಮ ಕರೆಂಟಿನ ಹಾಗೆ, ಬರುತ್ತೆ, ಹೋಗುತ್ತೆ," ಎಂದ ಸ್ಟೋರಿನವನು.

"ಎಲ್ಲಿ ಬಚ್ಚಿಟ್ಟೆ ಹೇಳೋ," ಎಂದು ಮ್ಯಾನೇಜರ್ ಮೇಜಿನ ಕೆಳಗೂ ಬಗ್ಗಿ ನೋಡಿದ.

ಅಷ್ಟರಲ್ಲಿ ಕಾರ್ಖಾನೆಯ ಡಾಕ್ಟರಮ್ಮ ಬಂದರು. ಬೆರಳಿನಿಂದ ತಡವಿ ನೋಡಿ, "ಎದ್ದು ನಿಂತು ಕೆಮ್ಮಪ್ಪ" ಎಂದರು. ಕೆಮ್ಮಿದ. ಉಬ್ಬು ಬುಳಕ್ಕನೆ ಇಣುಕಿತು.

"ಇದು ಕಳ್ಳಮಾಲಲ್ರೀ, ಕರುಳು! ಹರ್ನಿಯಾ. ಹೊಟ್ಟೆಯ ಗೋಡೇಲಿ ಮಾಂಸಖಂಡದ ಪದರಗಳಿರ್ತವೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅದು ಸ್ವಲ್ಪ ತೆಳು. ಆಪರೇಷನ್ ಆದ ಜಾಗ ಸಡಿಲ ಆಗಿ ಕರುಳು ಹೊರಗೆ ನುಗ್ಗಿದೆ. ಮಲಗಿದ್ರೆ ಒಳಗೆ ಜಾರುತ್ತೆ. ಸಾಮಾನ್ಯವಾಗಿ ಮುಂದೆ ಬರುತ್ತೆ, ಪಕ್ಕದಲ್ಲಿ ಬರೋದು ತೀರಾ ಅಪರೂಪ."

ಮ್ಯಾನೇಜರಿಗೆ ಇನ್ನೂ ಅನುಮಾನ. "ಎಲ್ರಿಗೂ ಹೀಗೆ ಬರಲ್ವಲ್ಲ?"

"ಗಟ್ಟಿ ಗೋಡೆ ಹೇಗಿರುತ್ತೆ ತೋರಿಸ್ತೀನಿ. ನೀನು ಬಾಪ್ಪ," ಎಂದು ಡಾಕ್ಟರಮ್ಮ ಕಾವಲುಗಾರನನ್ನು ಕರೆದರು.

"ಬೇಡಿ ಮೇಡಂ, ನಂಗೆ ಕಚಗುಳಿ!" ಅವನು ನೆಲ ಒರೆಸುವವಳ ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿದ. ಗೋಡೆ ಸಿಕ್ಕಿತು. ಡಾಕ್ಟರಮ್ಮ ಅವನ ದೊಡ್ಡ ಹೊಟ್ಟೆಯ ಮೇಲೆ ಕೈಯಿಟ್ಟು, "ಕೆಮ್ಮು" ಎಂದರು.

ಕೆಮ್ಮಿದ. ಠಣ್! ಠಣ್! ಷರಟಿನಡಿಯಿಂದ ಎರಡು ಹಿತ್ತಾಳೆ ನಲ್ಲಿಗಳು ಉದುರಿದವು.

"ಈ ಜಾತಿ ಹರ್ನಿಯಾ ನಾನು ಪುಸ್ತಕದಲ್ಲೂ ಕಂಡಿಲ್ಲ," ಎಂದರು ಡಾಕ್ಟರಮ್ಮ.

ಎಲ್ಲರೂ ಮ್ಯಾನೇಜರ್ ಮುಖ ನೋಡಿದರು. ಅವನು ನಲ್ಲಿಗಳನ್ನು ನೋಡಿದ, ಭಾಮೈದನನ್ನು ನೋಡಿದ, ಆಮೇಲೆ ಗಂಟಲು ಸರಿಮಾಡಿಕೊಂಡ.

"ನೋಡಿದ್ರಾ, ಈ ಪಾಲಿಷಿನವನಿಂದ ಕಿತ್ಕೊಂಡ ಮಾಲನ್ನ ನಮ್ಮ ಹುಡುಗ ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದಾನೆ!"

"ಹೂಂ ಭಾವ, ಪಕ್ಕೆ ಒತ್ತಿದಾಗಲೇ ಕೈಗೆ ಬಂತು."

ನಲವತ್ತು ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಸಾಕ್ಷಿ ಸಮೇತ ಸಿಕ್ಕಿದ್ದೀಯ. ಈಗೇನೋ ಹೇಳ್ತೀಯ?" ಎಂದ ಮ್ಯಾನೇಜರ್.

ಪಾಲಿಷಿನವನು ಷರಟು ಇಳಿಸಿದ. ಪಕ್ಕೆಯನ್ನು ಅಂಗೈಯಿಂದ ಒತ್ತಿಹಿಡಿದು, ಗೇಟಿನತ್ತ ನಡೆದ. ತಪಾಸಣೆ ಮಾಡಲು ಅಲ್ಲಿ ಯಾರೂ ಇರಲಿಲ್ಲ.